ಹೋಳಿಗೆಯ ಮಾಲೀಕ

ಎಲ್ಲ ಶುರುವಾದದ್ದು ಒಂದು ಖಾಲಿ ಚೌಕದಿಂದ. ಕಂಪ್ಯೂಟರ್ ಪರದೆಯ ಮೇಲೆ ‘ಮಾಲೀಕರ ಹೆಸರು’ ಎಂದು ಕೇಳುವ, ಎರಡು ಇಂಚು ಉದ್ದದ, ಬೆಳ್ಳಗಿನ ಚೌಕ. ಅದನ್ನು ತುಂಬದೆ ಯಾರೂ ಮುಂದಕ್ಕೆ ಹೋಗಕೂಡದು ಎಂದು ಇಡೀ ಕಂಪನಿಗೆ ಕಟ್ಟುನಿಟ್ಟು ಮಾಡಿದವನು ಚಕ್ರಪಾಣಿ. ಒಂದು ಭಾನುವಾರ ಮಧ್ಯಾಹ್ನ ಮೆಲ್ಬರ್ನ್ ಹೊರವಲಯದ ವೆರಿಬೀಯ ತನ್ನ ಬಾಡಿಗೆ ಮನೆಯಲ್ಲಿ ಕೂತು, ಆ ಚೌಕದಿಂದ ಹೇಗೆ ತಪ್ಪಿಸಿಕೊಳ್ಳುವುದಪ್ಪಾ ಎಂದು ತಲೆ ಕೆರೆದುಕೊಂಡವನೂ ಅವನೇ.

ಚಕ್ರಪಾಣಿ ಮೈಸೂರಿನ ಸರಸ್ವತಿಪುರಂನವನು. ಮೆಲ್ಬರ್ನಿನ ದೊಡ್ಡದೊಂದು ವಿಮಾ ಕಂಪನಿಯಲ್ಲಿ ಮೂರು ವರ್ಷದಿಂದ ಅವನಿಗೆ ಇದ್ದ ಕೆಲಸ ಕ್ಲೌಡ್ ಖರ್ಚಿನ ಮೇಲೆ ಕಣ್ಣಿಡುವುದು. ಕ್ಲೌಡ್ ಅಂದರೆ ಆಕಾಶದಲ್ಲೇನೂ ಇಲ್ಲ. ಯಾರದೋ ಗೋದಾಮಿನಲ್ಲಿರುವ ಬಾಡಿಗೆ ಕಂಪ್ಯೂಟರುಗಳು. ಆಟೋ ಮೀಟರಿನ ಹಾಗೆ ಗಂಟೆಗಿಷ್ಟು, ಹೊರಗೆ ಹೋಗುವ ಡೇಟಾಗೆ ಇಷ್ಟು ಎಂದು ದುಡ್ಡು ಏರುತ್ತಲೇ ಇರುತ್ತದೆ. ನಾಲ್ಕು ಸಾವಿರ ಜನರಿರುವ ಕಂಪನಿಯಲ್ಲಿ ಯಾರೋ ಒಬ್ಬ ಒಂದು ಮೆಷಿನ್ ಚಾಲೂ ಮಾಡಿ, ಆರಿಸುವುದನ್ನು ಮರೆತು, ಹೆಂಡತಿ ಮಕ್ಕಳ ಜೊತೆ ಬಾಲಿಗೆ ಹೊರಟುಬಿಡುತ್ತಾನೆ. ಅವನು ಸಮುದ್ರದಲ್ಲಿ ಮುಳುಗೇಳುವಷ್ಟು ಹೊತ್ತೂ ಇಲ್ಲಿ ಮೀಟರ್ ಓಡುತ್ತಿರುತ್ತದೆ. ಅಂಥವರನ್ನು ಹುಡುಕಿ ಹಿಡಿಯುವುದರಲ್ಲಿ ಚಕ್ರಪಾಣಿಗೆ ಎಂಥದೋ ಸಾತ್ವಿಕ ಆನಂದ ಸಿಗುತ್ತಿತ್ತು.

ಹಿಡಿದರೆ ಸಾಲದು, ನಾಚಿಕೆಯೂ ಆಗಬೇಕು ಎಂಬುದು ಅವನ ಸಿದ್ಧಾಂತ. ಅದಕ್ಕಾಗಿ ಗುಲಾಬಿ ಹೊಟ್ಟೆಯ ಒಂದು ಗಿಳಿ ಗೊಂಬೆಯನ್ನು ಕೊಂಡಿದ್ದ. ಒತ್ತಿದರೆ ಕೀಂಯ್ ಅನ್ನುತ್ತದೆ. ತಿಂಗಳ ಅತಿ ದೊಡ್ಡ ದುಂದುಗಾರನ ಮೇಜಿನ ಮೇಲೆ ಮುಂದಿನ ತಿಂಗಳವರೆಗೂ ಆ ಗಿಳಿ ಕೂತಿರಬೇಕು. ಆ ಜಾತಿಯ ಗಿಳಿಯ ಹೆಸರು ಹಿಡಿದೇ ಈ ದೇಶದಲ್ಲಿ ಪೆದ್ದರನ್ನು ಕರೆಯುವುದೆಂದು ಅವನಿಗೆ ಆಮೇಲೆ ಗೊತ್ತಾಗಿ, ತನ್ನ ಆಯ್ಕೆಯ ಬಗ್ಗೆ ಇನ್ನಷ್ಟು ಹೆಮ್ಮೆಯಾಯಿತು. ಜೂನ್‌ನಿಂದೀಚೆಗೆ ಕಂಪನಿಯ ಖರ್ಚನ್ನು ಅವನು ನೂರಕ್ಕೆ ನಲವತ್ತರಷ್ಟು ಇಳಿಸಿದ್ದ. ಒಂದೇ ಒಂದು ಎಡವಟ್ಟಾಗಿತ್ತು: ಯಾರೂ ಬಳಸುತ್ತಿಲ್ಲವೆಂದು ಒಂದು ಮೆಷಿನ್ ಆರಿಸಿದ್ದ, ಅದು ಸಂಬಳ ಹಂಚುವ ಮೆಷಿನ್ ಆಗಿತ್ತು. ಅವತ್ತು ಸಂಬಳದ ದಿನ ಬೇರೆ. ಅಂದಿನಿಂದ ಇನ್ನೊಂದು ನಿಯಮ ಸೇರಿತು: ಮಾಲೀಕರ ಒಪ್ಪಿಗೆ ಇಲ್ಲದೆ ಯಾವ ಮೆಷಿನನ್ನೂ ಯಾರೂ ನಿಲ್ಲಿಸುವ ಹಾಗಿಲ್ಲ, ಹೆಸರು ಬದಲಿಸುವ ಹಾಗೂ ಇಲ್ಲ. ಅದನ್ನು ಬರೆದವನೂ ಚಕ್ರಪಾಣಿಯೇ.

ಇಷ್ಟರ ಮಧ್ಯೆ ರಾಜ್ಯೋತ್ಸವ ಬಂತು. ವೆರಿಬೀ ಕಡೆಯ ಹೊಂಬೆಳಕು ಕನ್ನಡ ಬಳಗಕ್ಕೆ ಶಿವಲಿಂಗಪ್ಪನವರು ಅಧ್ಯಕ್ಷರು. ಹಾವೇರಿ ಕಡೆಯವರು, ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು, ಅಧ್ಯಕ್ಷಗಿರಿಯಿಂದ ಆಗಿರಲಿಲ್ಲ. ನಾಲ್ಕು ಗಂಟೆಯ ಕಾರ್ಯಕ್ರಮವನ್ನು ಯಾರೋ ಹೊಸ ಕ್ಯಾಮೆರಾದಲ್ಲಿ, ಹುಬ್ಬಿನ ಕೂದಲು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಚಿತ್ರೀಕರಿಸಿದ್ದರು. ಹಿಂದಿನ ವರ್ಷ ವಿಡಿಯೋವನ್ನು ಅಂತರ್ಜಾಲದಲ್ಲಿ ಎಲ್ಲರೂ ಹಾಕುವ ಜಾಗದಲ್ಲೇ ಹಾಕಿದ್ದಕ್ಕೆ ಹಾಡಿನ ಹಕ್ಕುದಾರರು ಒಂದೇ ದಿನಕ್ಕೆ ತೆಗೆಸಿಬಿಟ್ಟಿದ್ದರು. ಈ ಸಲ ನಮ್ಮದೇ ವೆಬ್‌ಸೈಟ್ ಆಗಬೇಕೆಂದು ಶಿವಲಿಂಗಪ್ಪನವರು ಹಟ ಹಿಡಿದರು.

“ನಿಮ್ಮ ಆಫೀಸ್ನಾಗ ಸಾವಿರಗಟ್ಟಲೆ ಕಂಪ್ಯೂಟರ್ ಅದಾವಂತಲ್ಲ ಚಕ್ರಪಾಣಿ ಅವರ, ಒಂದರಾಗ ಎರಡ ದಿನ ಇಟ್ಟರ ಏನ್ ಸವೀತಾವೇನ್ರೀ?” ಎಂದರು.

ಚಕ್ರಪಾಣಿ ಆಗುವುದೇ ಇಲ್ಲ ಎಂದ. ಮನೆಗೆ ಬಂದ ಮೇಲೆ ಅವನ ಹೆಂಡತಿ ಅರುಂಧತಿ, “ಎರಡು ದಿನ ತಾನೇ ರೀ. ಅನನ್ಯಾ ಡ್ಯಾನ್ಸ್ ನಮ್ಮಮ್ಮ ನೋಡೋದು ಬೇಡ್ವಾ?” ಎಂದಳು. ಅನನ್ಯಾ ಅವರ ಪುಟ್ಟ ಮಗಳು. ಹಾಗಾಗಿ ಆ ಭಾನುವಾರ, ಬಳಗದ ಊಟದಲ್ಲಿ ತಿಂದ ಹೋಳಿಗೆ ಹೊಟ್ಟೆಯಲ್ಲಿ ಇನ್ನೂ ಭಾರವಾಗಿರುವಾಗಲೇ, ಅವನು ಕಂಪನಿಯ ಕ್ಲೌಡಿನಲ್ಲಿ ಒಂದು ಮೆಷಿನ್ ತೆರೆದ. ಅದಕ್ಕೆ ‘ಹೋಳಿಗೆ’ ಎಂದೇ ಹೆಸರಿಟ್ಟ. ಮುಂದಿನದು ಆ ಬೆಳ್ಳಗಿನ ಚೌಕ. ತನ್ನ ಹೆಸರು ಬರೆದರೆ ವಾರದ ಪಟ್ಟಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಪನಿಯ ಸೊತ್ತನ್ನು ಸ್ವಂತಕ್ಕೆ ಬಳಸಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಯಿತು. ಪಕ್ಕದ ಸೀಟಿನ ಹ್ಯಾರಿಸ್ ಪಿಂಟೋ ತಂಗಿಯ ಮದುವೆಗೆಂದು ಮಂಗಳೂರಿಗೆ ಹೋಗಿದ್ದ. ಅಳಿಸುವುದಕ್ಕೂ ಮಾಲೀಕನ ಒಪ್ಪಿಗೆ ಬೇಕೆಂಬ ತನ್ನದೇ ನಿಯಮವನ್ನು ಮರೆತು, ಅವನು ಬರುವುದರೊಳಗೆ ಅಳಿಸಿದರಾಯಿತು ಎಂದುಕೊಂಡು ಚಕ್ರಪಾಣಿ ಆ ಚೌಕದಲ್ಲಿ ‘ಹ್ಯಾರಿಸ್ ಪಿಂಟೋ’ ಎಂದು ಬರೆದ.

ವಿಡಿಯೋ ತಿದ್ದಿ ಹಾಕಲು ಬಳಗದವರಿಗೆ ವಾರ ಹಿಡಿಯಿತು. ಅಷ್ಟರಲ್ಲಿ ಚಕ್ರಪಾಣಿ ಹೋಳಿಗೆಯನ್ನು ಮರೆತೇಬಿಟ್ಟಿದ್ದ.

ನೆನಪಾದದ್ದು 2016ರ ನವೆಂಬರ್ ಮಧ್ಯದ ಒಂದು ಬುಧವಾರ ಬೆಳಿಗ್ಗೆ, ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ. ಅವತ್ತು ಮಧ್ಯಾಹ್ನ ಮೂರಕ್ಕೆ ಸಿಡ್ನಿಯ ಹೆಡ್ ಆಫೀಸಿನಲ್ಲಿ ತಿಂಗಳ ಖರ್ಚಿನ ಮೀಟಿಂಗ್. ಅದು ಮುಗಿದ ಮೇಲೆ ದೊಡ್ಡ ಬಾಸ್ ಗ್ಲೆನ್ ಒಂದು ಕಾಗದಕ್ಕೆ ಸಹಿ ಹಾಕುವವನಿದ್ದ: ಪಿಆರ್‌ಗೆ, ಅಂದರೆ ಈ ದೇಶದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಗೆ, ಕಂಪನಿಯ ಶಿಫಾರಸು. ಈ ವರ್ಷಕ್ಕೆ ಅಂಥದು ಒಂದೇ ಒಂದು. ಕಾದು ಕೂತವರು ಇಬ್ಬರು, ಚಕ್ರಪಾಣಿ ಮತ್ತು ಹ್ಯಾರಿಸ್. ಏಪ್ರಿಲ್‌ಗೆ ಇಬ್ಬರ ವೀಸಾವೂ ಮುಗಿಯುತ್ತಿತ್ತು. ಖರ್ಚು ಇಳಿಸಿದ ವೀರನಿಗೇ ಅದು ಸಿಗುವುದೆಂದು ಆಫೀಸಿನಲ್ಲಿ ಎಲ್ಲರೂ ಮಾತಾಡಿಕೊಂಡಿದ್ದರು. ಅರುಂಧತಿ ಅಂತೂ ಹಿಂದಿನ ದಿನವೇ ಪಾಯಸಕ್ಕೆ ಶಾವಿಗೆ ತಂದಿಟ್ಟಿದ್ದಳು.

ಕಾಫಿ ಸಾಲಿನಲ್ಲಿ ನಿಂತಿದ್ದಾಗ ಚಕ್ರಪಾಣಿಯ ಫೋನ್ ಕುಂಯ್ ಅಂದಿತು. ಖರ್ಚು ಮಿತಿಮೀರಿದರೆ ಎಚ್ಚರಿಸಲೆಂದು ಅವನೇ ಇಟ್ಟುಕೊಂಡಿದ್ದ ಗಂಟೆ. ತೆರೆದು ನೋಡಿದ. ‘ಹೋಳಿಗೆ. ಮಾಲೀಕ: ಹ್ಯಾರಿಸ್ ಪಿಂಟೋ. ಎರಡು ದಿನದ ಖರ್ಚು: 3,100 ಡಾಲರ್.’

ದಿನಕ್ಕೆ ಎರಡು ಡಾಲರ್ ತಿನ್ನುವ ಮೆಷಿನ್ ಅದು. ನಾಲ್ಕು ಗಂಟೆಯ ವಿಡಿಯೋವನ್ನು ಜನ ನೋಡಿದಷ್ಟೂ ಡೇಟಾ ಹೊರಗೆ ಹೋಗಿದೆ, ಹೋದಷ್ಟೂ ಮೀಟರ್ ಓಡಿದೆ. ಎಂಬತ್ತು ಮಕ್ಕಳು ಕುಣಿದಿದ್ದರು. ಎಂಬತ್ತು ಮಕ್ಕಳಿಗೆ ನೂರ ಅರವತ್ತು ಅಜ್ಜಿಯರು, ಅಷ್ಟೇ ಅಜ್ಜಂದಿರು, ಲೆಕ್ಕವಿಲ್ಲದಷ್ಟು ಚಿಕ್ಕಪ್ಪ ದೊಡ್ಡಮ್ಮಂದಿರು. ಅದೂ ಊರಿನಲ್ಲಿ ಆಗಷ್ಟೇ ಹೊಸ ಫೋನ್ ಕಂಪನಿಯೊಂದು ಡೇಟಾವನ್ನು ಪುಕ್ಕಟೆಯಾಗಿ ಹಂಚುತ್ತಿತ್ತು. ಇನ್ನೂ ಭಯಂಕರವಾದ ಒಂದು ವಿಷಯ ಅವನಿಗೆ ಹೊಳೆಯಿತು. ಮೆಲ್ಬರ್ನಿನಲ್ಲಿ ಬೆಳಗಿನ ಏಳೂವರೆ ಎಂದರೆ ಊರಿನಲ್ಲಿ ನಡುರಾತ್ರಿ ಎರಡು. ಈಗ ಬಂದಿರುವುದು ಬರೀ ನಿನ್ನೆಯವರೆಗಿನ ಬಿಲ್ಲು. ಇವತ್ತಿನ ಕರ್ನಾಟಕ ಇನ್ನೂ ಎದ್ದಿಲ್ಲ.

“ಎಂತ ಮಾರಾಯ, ಮುಖ ಹೀಗಾಗಿದೆ? ಬಿಪಿ ಏನಾದ್ರೂ ಉಂಟಾ ನಿನಗೆ?” ಎಂದು ಪಕ್ಕದಿಂದ ದನಿ ಬಂತು. ಹ್ಯಾರಿಸ್. ಒಂದು ಕೈಯಲ್ಲಿ ಚಕ್ರಪಾಣಿಯ ಕಾಫಿ, ಇನ್ನೊಂದರಲ್ಲಿ ತನ್ನದು. ಕ್ಲೈಡ್ ನಾರ್ತ್‌ನಿಂದ ನಸುಕಿನಲ್ಲೇ ಹೊರಟು, ಮೆಲ್ಬರ್ನಿನ ಆ ತುದಿಯಿಂದ ಈ ತುದಿಯ ವೆರಿಬೀಗೆ ಬಂದು, ಚಕ್ರಪಾಣಿಯನ್ನು ಕಾರಿನಲ್ಲಿ ಹತ್ತಿಸಿಕೊಂಡು ಬಂದಿದ್ದ ಪುಣ್ಯಾತ್ಮ.

“ಏನಿಲ್ಲ ಕಣೋ, ನಿದ್ದೆ ಸಾಲ್ದು,” ಎಂದ ಚಕ್ರಪಾಣಿ.

“ಎಂತಾದ್ರೂ ಹೇಳ್ಲಿಕ್ಕೆ ಇದ್ರೆ ಹೇಳು. ಒಳಗೆ ಇಟ್ಕೊಳ್ಬೇಡ.”

ಚಕ್ರಪಾಣಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ.

ವಿಮಾನದಲ್ಲಿ ಒಂದೂ ಕಾಲು ಗಂಟೆ ಫೋನ್ ಬಂದ್. ಆ ಒಂದೂ ಕಾಲು ಗಂಟೆ ಅವನು ಸೀಟಿನ ಬೆಲ್ಟಿನೊಳಗೆ ಮಿಸುಕಾಡುತ್ತ ಕಳೆದ. ಮೆಷಿನ್ ನಿಲ್ಲಿಸಬೇಕೆಂದರೆ ಹ್ಯಾರಿಸ್ ಫೋನಿಗೆ ‘ಒಪ್ಪಿಗೆ ಇದೆಯೇ’ ಎಂಬ ಪ್ರಶ್ನೆ ಹೋಗುತ್ತದೆ. ಹೆಸರು ಬದಲಿಸಿದರೂ ಹೋಗುತ್ತದೆ. ನಿಲ್ಲಿಸದಿದ್ದರೆ ಮೂರು ಗಂಟೆಗೆ ಗ್ಲೆನ್‌ನ ಮುಂದೆ ದುಂದಿನ ಪಟ್ಟಿಯ ತಲೆಯ ಮೇಲೆ ಹ್ಯಾರಿಸ್ ಹೆಸರು ಕೂತಿರುತ್ತದೆ. ಹ್ಯಾರಿಸ್‌ನ ಪಿಆರ್ ಅಲ್ಲಿಗೆ ಮುಗಿಯಿತು. ಆಗ ಶಿಫಾರಸು ಯಾರಿಗೆ? ಆ ಪ್ರಶ್ನೆ ಮನಸ್ಸಿನಲ್ಲಿ ಎದ್ದದ್ದಕ್ಕೇ ಚಕ್ರಪಾಣಿಗೆ ತನ್ನ ಮೇಲೆ ಅಸಹ್ಯವಾಯಿತು. ಆದರೆ ಪ್ರಶ್ನೆ ಮಾತ್ರ ಎದ್ದು ಹೋಗಲಿಲ್ಲ, ಪಕ್ಕದಲ್ಲೇ ಕೂತಿತ್ತು.

ಇನ್ನೊಂದು ಪಕ್ಕದಲ್ಲಿ ಕೂತಿದ್ದ ಹ್ಯಾರಿಸ್ ತನ್ನ ಪಾಲಿನ ಬಿಸ್ಕತ್ತನ್ನೂ ಅವನ ಕಡೆ ಸರಿಸಿದ. “ಶೆರ್ಲಿನ್ ಹೇಳ್ತಿದ್ಳು, ಪಿಆರ್ ನಿನಗೆ ಸಿಕ್ಕಿದ್ರೂ ಬೇಜಾರು ಮಾಡ್ಬಾರ್ದು ಅಂತ. ನಾನೆಂತ ಬೇಜಾರು ಮಾಡುದು? ಕೆಲಸ ಮಾಡಿದವ ನೀನಲ್ವಾ,” ಎಂದ. ಶೆರ್ಲಿನ್ ಅವನ ಹೆಂಡತಿ. ಚಕ್ರಪಾಣಿ ಬಿಸ್ಕತ್ತನ್ನು ಬಿಚ್ಚದೆ ಜೇಬಿಗೆ ಹಾಕಿಕೊಂಡ.

ಸಿಡ್ನಿಯಲ್ಲಿ ಇಳಿದು, ರೈಲು ಹತ್ತಿ ಊರೊಳಗೆ ಬಂದರು. ಆಫೀಸಿನ ಹತ್ತಿರ ಬರುತ್ತಿದ್ದಂತೆ ಚಕ್ರಪಾಣಿ ಮನೆಯ ಕರೆ ಎಂದು ಸುಳ್ಳು ಹೇಳಿ ಬೀದಿಯ ಮೂಲೆಗೆ ಓಡಿ, ಶಿವಲಿಂಗಪ್ಪನವರಿಗೆ ಫೋನ್ ಮಾಡಿದ. ವಿಡಿಯೋ ಹಾಕುವ, ತೆಗೆಯುವ ಪಾಸ್‌ವರ್ಡ್ ಇದ್ದದ್ದು ಅವರ ಹತ್ತಿರ ಮಾತ್ರ.

“ಏನ್ರೀ ಚಕ್ರಪಾಣಿ ಅವರ! ಐದ ಸಾವಿರ ಮಂದಿ ನೋಡ್ಯಾರ್ರೀ ಎರಡ ದಿನದಾಗ!”

“ಅದಕ್ಕೇ ಸಾರ್ ಫೋನ್ ಮಾಡಿದ್ದು. ತುಂಬಾ ಜನ ನೋಡಿ ಸರ್ವರ್‌ಗೆ ಲೋಡ್ ಜಾಸ್ತಿ ಆಗಿದೆ. ತಡೆಯೋ ಹಾಗಿಲ್ಲ. ದಯವಿಟ್ಟು ಇವತ್ತು ಒಂದು ದಿನ ವಿಡಿಯೋ ತೆಗೆದುಬಿಡಿ.”

ಆ ಕಡೆಯಿಂದ ಗದ್ಗದವಾದ ದನಿ ಬಂತು. “ತಡೆಯಾಕಾಗದಷ್ಟು ಮಂದಿ? ನಮ್ಮ ಕಾರ್ಯಕ್ರಮಕ್ಕ? ಇಪ್ಪತ್ತ ವರ್ಷ ದುಡಿದದ್ದು ಸಾರ್ಥಕ ಆತ್ರೀ. ತೆಗೆಯೂದು ಯಾಕ್ರೀ, ಇಂಥಾ ಟೈಮ್ನಾಗ? ನೋಡ್ತಿರ್ರಿ ನೀವು.” ಫೋನ್ ಇಟ್ಟೇಬಿಟ್ಟರು.

ಹತ್ತು ನಿಮಿಷದಲ್ಲಿ ಬಳಗದ ವಾಟ್ಸಾಪ್ ಗುಂಪಿಗೆ ಅವರ ಸಂದೇಶ ಬಂತು. ‘ಕನ್ನಡಿಗರ ಅಭಿಮಾನಕ್ಕೆ ಸರ್ವರ್ ನಡುಗುತ್ತಿದೆ ಎಂದು ನಮ್ಮ ಚಕ್ರಪಾಣಿಯವರು ಈಗಷ್ಟೇ ತಿಳಿಸಿದ್ದಾರೆ. ಈ ಉತ್ಸಾಹ ನಿಲ್ಲಬಾರದು. ವೆರಿಬೀ ಮಕ್ಕಳ ಕೋಲಾಟ ಮೇಲೋ, ಕ್ಲೈಡ್ ನಾರ್ತ್ ಮಕ್ಕಳ ಕಂಸಾಳೆ ಮೇಲೋ? ಇಂದು ಸಂಜೆಯೊಳಗೆ ವಿಡಿಯೋದ ಯಾವ ಭಾಗವನ್ನು ಹೆಚ್ಚು ಬಾರಿ ನೋಡಿರುತ್ತಾರೋ ಆ ತಂಡಕ್ಕೆ ಅಧ್ಯಕ್ಷರ ಸ್ವಂತ ಖರ್ಚಿನಲ್ಲಿ ಪಾರಿತೋಷಕ.’

ಹನ್ನೊಂದು ಗಂಟೆಗೆ ಊರಿನಲ್ಲಿ ಅಜ್ಜಿಯರು ಎದ್ದರು. ಹನ್ನೆರಡಕ್ಕೆ ಮೊತ್ತ 3,900. ವೆರಿಬೀಯ ತಾಯಂದಿರು ಮನೆಯ ಟಿವಿ, ಲ್ಯಾಪ್‌ಟಾಪ್, ಮಕ್ಕಳ ಟ್ಯಾಬ್ ಎಲ್ಲದರಲ್ಲೂ ಕೋಲಾಟ ಹಚ್ಚಿಟ್ಟು ಸೊಪ್ಪು ಬಿಡಿಸಲು ಹೋದರು. ಕ್ಲೈಡ್ ನಾರ್ತ್‌ನವರು ಬಿಟ್ಟಾರೆಯೇ? ಬ್ಲ್ಯಾಕ್‌ಟೌನ್‌ನಲ್ಲಿದ್ದ ತಮ್ಮ ನೆಂಟರಿಗೆಲ್ಲ ಫೋನ್ ಮಾಡಿ ಸಿಡ್ನಿಯನ್ನೂ ಎಬ್ಬಿಸಿದರು.

ಚಕ್ರಪಾಣಿ ಆಫೀಸಿನ ಬಾತ್‌ರೂಮಿನೊಳಗೆ ನಿಂತು ಅರುಂಧತಿಗೆ ಫೋನ್ ಹಚ್ಚಿದ. “ಅರು, ಆ ವಿಡಿಯೋ ನಿಲ್ಲಿಸ್ಬೇಕು. ಶಿವಲಿಂಗಪ್ಪನವರ ಮನೆಯವರಿಗೆ ನೀನಾದ್ರೂ ಹೇಳು. ರುದ್ರಾಣಿ ಆಂಟಿ ಮಾತು ಅವರು ಮೀರಲ್ಲ.”

“ರುದ್ರಾಣಿ ಆಂಟಿನಾ? ಅವ್ರೇ ಈಗ ತಟ್ಟೆಗೆ ರೇಷ್ಮೆ ಸೀರೆ ಇಟ್ಟು ಎರಡನೇ ಬಹುಮಾನ ಅಂತ ಫೋಟೋ ಹಾಕಿದಾರೆ ರೀ! ಅದಿರ್ಲಿ, ಅಮ್ಮ ಲೈನಲ್ಲಿದಾರೆ, ಸೇರಿಸ್ತೀನಿ ಇರಿ.”

ಬೇಡ ಅನ್ನುವುದರೊಳಗೆ ಮೈಸೂರಿನಿಂದ ಅತ್ತೆಯ ದನಿ ಬಂತು. “ಅಳಿಯಂದಿರೇ, ಚೆನ್ನಾಗಿದೀರಾ? ನಮ್ಮ ಅನನ್ಯಾ ಡ್ಯಾನ್ಸು ಮೂರನೇ ಗಂಟೆಗಂತೆ. ಅಲ್ಲಿಗೆ ಬರೋ ಹೊತ್ತಿಗೆ ಸರಿಯಾಗಿ ನಿಂತೋಗತ್ತೆ ನೋಡಿ. ಮತ್ತೆ ಮೊದಲಿಂದ ಹಾಕ್ಕೋತೀನಿ. ಮೊನ್ನೆಯಿಂದ ಆರು ಸಲ ಆಯ್ತು.”

“ಮುಂದಕ್ಕೆ ಎಳೀಬೋದು ಅತ್ತೆ,” ಎಂದ ಚಕ್ರಪಾಣಿ, ಅಳುವುದೊಂದು ಬಾಕಿ.

“ಅಯ್ಯೋ, ಮಕ್ಕಳು ಅಷ್ಟು ಕಷ್ಟಪಟ್ಟು ಕುಣಿದಿರೋದನ್ನ ಎಳೆಯೋಕಾಗತ್ತಾ? ನಿಮ್ಮ ಮಾವ ಬೆಳಿಗ್ಗೆ ಬೇಗ ಬ್ಯಾಂಕಿಗೆ ಹೋಗಿದಾರೆ. ಹಳೇ ನೋಟು ಬದಲಾಯಿಸೋಕೆ ಕ್ಯೂ ರಸ್ತೆವರೆಗೂ ಇದ್ಯಂತೆ. ಪಾಪ, ಹೊತ್ತು ಹೋಗಲ್ಲ ಅಂತ ಅವ್ರಿಗೂ ಕಳಿಸ್ದೆ. ಅವರು ಕ್ಯೂನಲ್ಲಿರೋರಿಗೆಲ್ಲ ಕಳಿಸಿದಾರೆ!”

ಚಕ್ರಪಾಣಿ ಬಾತ್‌ರೂಮಿನ ಗೋಡೆಗೆ ಹಣೆ ಆನಿಸಿದ. ಆ ವಾರ ಇಡೀ ದೇಶವೇ ಬ್ಯಾಂಕಿನ ಮುಂದೆ ಸಾಲು ನಿಂತಿತ್ತು. ಸಾಲಿನಲ್ಲಿ ನಿಂತವರ ಕೈಯಲ್ಲಿ ಫೋನು, ಫೋನಿನಲ್ಲಿ ಪುಕ್ಕಟೆ ಡೇಟಾ, ಮುಂದೆ ಇಡೀ ದಿನ.

ಎರಡು ಗಂಟೆಗೆ 5,200. ಹ್ಯಾರಿಸ್ ಫುಡ್ ಕೋರ್ಟಿಗೆ ಎಳೆದುಕೊಂಡು ಹೋಗಿ, ಚಕ್ರಪಾಣಿಗೆ ಆಗುವಂಥದ್ದೇ ಬೇಕೆಂದು ಮೂರು ಅಂಗಡಿಯಲ್ಲಿ ವಿಚಾರಿಸಿ, ಮಾಂಸವಿಲ್ಲದ ಅನ್ನದ ತಟ್ಟೆ ತಂದಿಟ್ಟ. ಅವನು ನೀರು ತರಲು ಎದ್ದಾಗ ಚಕ್ರಪಾಣಿ ಲ್ಯಾಪ್‌ಟಾಪ್ ತೆರೆದು ಹೋಳಿಗೆಯ ಪುಟಕ್ಕೆ ಹೋದ. ‘ನಿಲ್ಲಿಸು’ ಒತ್ತಿದ. ಪರದೆ ಕೇಳಿತು: ‘ಮಾಲೀಕ ಹ್ಯಾರಿಸ್ ಪಿಂಟೋ ಅವರ ಒಪ್ಪಿಗೆ ಕೇಳಲೇ?’ ಹ್ಯಾರಿಸ್‌ನ ಫೋನು ಅಲ್ಲೇ ಮೇಜಿನ ಮೇಲೆ, ಅನ್ನದ ತಟ್ಟೆಯ ಪಕ್ಕ ಮಲಗಿತ್ತು. ಚಕ್ರಪಾಣಿಯ ಬೆರಳು ಗಾಳಿಯಲ್ಲೇ ನಿಂತಿತು. ಒತ್ತಲಿಲ್ಲ.

“ಈಗಲಾದ್ರೂ ಹೇಳ್ತೀಯಾ ಎಂತ ಆಯ್ತು ಅಂತ?” ಹಿಂದಿನಿಂದ ಹ್ಯಾರಿಸ್ ಕೇಳಿದ.

ಚಕ್ರಪಾಣಿ ಲ್ಯಾಪ್‌ಟಾಪನ್ನು ಬೆರಳ ಮೇಲೇ ಮುಚ್ಚಿಕೊಂಡ. “ಏನಿಲ್ಲ ಕಣೋ. ಮೀಟಿಂಗ್ ಟೆನ್ಷನ್ನು.”

ಹ್ಯಾರಿಸ್ ಅವನನ್ನೇ ಒಂದು ಗಳಿಗೆ ನೋಡಿ, “ಹಾಗಾದ್ರೆ ಊಟ ಮಾಡು,” ಎಂದು ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದ.

ಮೀಟಿಂಗ್ ಇಪ್ಪತ್ತೊಂದನೇ ಮಹಡಿಯಲ್ಲಿ. ಗಾಜಿನಾಚೆ ನೀರು, ದೋಣಿಗಳು. ಹೋದ ವರ್ಷ ನವೆಂಬರಿನಲ್ಲಿ ಅಂಥದೇ ಒಂದು ದೋಣಿಯಲ್ಲಿ, ಸೀಗಡಿ ತಿನ್ನುತ್ತ, ಗ್ಲೆನ್ ಕ್ಲೌಡ್ ಬಾಡಿಗೆಯವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದ. ಆ ಒಪ್ಪಂದವನ್ನು ಈ ಸೋಮವಾರದವರೆಗೆ ಯಾರೂ ಓದಿರಲಿಲ್ಲ. ಇವತ್ತು ಗ್ಲೆನ್‌ನ ಬಲಕ್ಕೆ ಕಂಪನಿಯ ವಕೀಲೆ ವನೆಸ್ಸಾ ದಪ್ಪನೆಯ ಕಡತ ಇಟ್ಟುಕೊಂಡು ಕೂತಿದ್ದಳು. ಖರ್ಚಿನ ಮೀಟಿಂಗಿಗೆ ವಕೀಲೆ ಯಾಕೆ ಬಂದಳು? ಕೆಲಸದಿಂದ ತೆಗೆಯಲು ಕಾಗದ ಸಿದ್ಧವಾಗಿದೆ ಎಂದೇ ಚಕ್ರಪಾಣಿಗೆ ಖಾತ್ರಿಯಾಯಿತು. ಮೇಜಿನ ನಡುವೆ ಅವನ ಗುಲಾಬಿ ಗಿಳಿ ಕೂತಿತ್ತು.

ಗ್ಲೆನ್ ದೊಡ್ಡ ಪರದೆಯ ಮೇಲೆ ದುಂದಿನ ಪಟ್ಟಿ ತೆರೆದ. ಮೊದಲ ಸಾಲು: ಹೋಳಿಗೆ. ಮಾಲೀಕ: ಹ್ಯಾರಿಸ್ ಪಿಂಟೋ. 6,200 ಡಾಲರ್.

ಗ್ಲೆನ್ ಕನ್ನಡಕ ತೆಗೆದು ಕೇಳಿದ. “ಹ್ಯಾರಿಸ್, ಈ ಮೆಷಿನ್ ನಿನ್ನದೇ?”

ಹ್ಯಾರಿಸ್ ಪರದೆಯನ್ನು ನೋಡಿದ. ಆಮೇಲೆ ಚಕ್ರಪಾಣಿಯನ್ನು ನೋಡಿದ, ಅರ್ಧ ಸೆಕೆಂಡು ಮಾತ್ರ. “ಹೌದು,” ಎಂದ. “ನನ್ನದೇ.”

ಚಕ್ರಪಾಣಿಗೆ ಆಗ ಹೊಳೆಯಿತು. ಇವನಿಗೆ ಗೊತ್ತಿದೆ! ಬೆಳಗಿನಿಂದ ಗೊತ್ತಿದೆ! ಬಾಯಿ ಬಿಡಲೆಂದು ಮೂರು ಸಲ ದಾರಿ ಮಾಡಿಕೊಟ್ಟ, ನಾನು ಮೂರು ಸಲ ನುಂಗಿಕೊಂಡೆ. ಈಗ ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಾನೆ. ಗ್ಲೆನ್ ಏನೋ ಹೇಳಿದ. ವನೆಸ್ಸಾ ಕಡತ ಬಿಚ್ಚಿ ಏನೋ ಓದತೊಡಗಿದಳು. ಚಕ್ರಪಾಣಿಯ ಕಿವಿಯಲ್ಲಿ ಬರೀ ಗುಂಯ್ ಗುಂಯ್. ಒಂದು ಪಕ್ಕದಲ್ಲಿ ಪಿಆರ್, ಮನೆ, ಅನನ್ಯಾಳ ಸ್ಕೂಲು, ಶಾವಿಗೆ ಪಾಯಸ; ಇನ್ನೊಂದು ಪಕ್ಕದಲ್ಲಿ ಆಗುವಂಥ ಅನ್ನ ಹುಡುಕಿ ಮೂರು ಅಂಗಡಿ ಸುತ್ತಿದ ಮನುಷ್ಯ. ಸುಮ್ಮನಿದ್ದರೆ ಎಲ್ಲ ಸಿಗುತ್ತದೆ. ಸುಮ್ಮನಿದ್ದರೆ ಇನ್ನು ಆ ಪಾಯಸವನ್ನು ಹೇಗೆ ತಿನ್ನುವುದು? ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕು ಸಲ ತಿದ್ದಿದ. ವನೆಸ್ಸಾ ಕಡತ ಮುಚ್ಚಿದಳು. ಯಾರೋ ಚಪ್ಪಾಳೆ ತಟ್ಟಿದ ಹಾಗೆ ಕೇಳಿಸಿತು. ಚಕ್ರಪಾಣಿ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತ.

“ಗ್ಲೆನ್! ಆ ಮೆಷಿನ್ ನನ್ನದು! ಹ್ಯಾರಿಸ್‌ಗೆ ಏನೇನೂ ಗೊತ್ತಿಲ್ಲ. ಎಲ್ಲಾ ಮಾಡಿದವನು ನಾನೇ!”

ಚಪ್ಪಾಳೆ ನಿಂತಿತು. ಎಲ್ಲರೂ ಅವನನ್ನು ನೋಡಿದರು. ಅದು ತಪ್ಪಿತಸ್ಥನನ್ನು ನೋಡುವ ನೋಟವಾಗಿರಲಿಲ್ಲ. ಮದುವೆ ಮನೆಯಲ್ಲಿ ಬೇರೆಯವರ ಎಲೆಯಿಂದ ಜಿಲೇಬಿ ಎತ್ತಿಕೊಂಡವನನ್ನು ನೋಡುವ ನೋಟ.

ಗ್ಲೆನ್ ನಿಟ್ಟುಸಿರಿಟ್ಟ. “ಮೇಟ್, ಬಹುಮಾನ ಅಂದರೆ ಮಾಲೀಕರು ಹುಟ್ಟಿಕೊಳ್ಳುತ್ತಾರೆ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರಲಿಲ್ಲ.”

“ಬಹುಮಾನ?” ಎಂದ ಚಕ್ರಪಾಣಿ.

“ಈಗ ತಾನೇ ವನೆಸ್ಸಾ ಹೇಳಿದ್ದನ್ನು ನೀನೂ ಕೇಳಿಸಿಕೊಂಡೆಯಲ್ಲ.” ಕೇಳಿಸಿಕೊಂಡಿಲ್ಲ ಎಂದು ಅವನ ಮುಖವೇ ಹೇಳುತ್ತಿದ್ದರೂ ಗ್ಲೆನ್ ಅದನ್ನು ನಟನೆ ಎಂದುಕೊಂಡು, ಬಿಡಿಸಿ ಬಿಡಿಸಿ ಹೇಳಿದ. ಒಪ್ಪಂದದ ಪ್ರಕಾರ ವರ್ಷಕ್ಕೆ ಇಷ್ಟು ಬಾಡಿಗೆಯನ್ನು ಖರ್ಚು ಮಾಡಿಯೇ ತೀರುತ್ತೇವೆಂದು ಕಂಪನಿ ಮಾತು ಕೊಟ್ಟಿತ್ತು. ಆ ಮಾತಿನ ಮೇಲೇ ಸಗಟು ರಿಯಾಯಿತಿ. ಒಂದು ಡಾಲರ್ ಕಡಿಮೆ ಬಿದ್ದರೂ ಇಡೀ ವರ್ಷದ ರಿಯಾಯಿತಿ, ನಾಲ್ಕು ಲಕ್ಷ ಡಾಲರ್, ವಾಪಸ್ ಕಟ್ಟಬೇಕು. ಒಪ್ಪಂದದ ವರ್ಷ ಇವತ್ತು ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಚಕ್ರಪಾಣಿ ಉಳಿಸಿ ಉಳಿಸಿ, ಸೋಮವಾರದ ಹೊತ್ತಿಗೆ ಆರು ಸಾವಿರ ಡಾಲರ್ ಕೊರತೆ ಬೀಳುವ ಹಾಗೆ ಮಾಡಿಟ್ಟಿದ್ದ.

“ಎರಡು ದಿನದಿಂದ ನನಗೂ ವನೆಸ್ಸಾಗೂ ನಿದ್ದೆಯಿಲ್ಲ,” ಎಂದ ಗ್ಲೆನ್. “ಅಷ್ಟರಲ್ಲಿ ಯಾರೋ ಜಾಣ, ಯಾರಿಗೂ ಹೇಳದೆ, ಸರಿಯಾಗಿ ಬೇಕಾದಷ್ಟೇ ಖರ್ಚು ಮಾಡಿ ಕಂಪನಿಯನ್ನು ಉಳಿಸಿದ. ಅದು ನೀನು ಅಂತೀಯಾ? ಒಂದೊಂದು ಸೆಂಟಿಗೂ ಜೀವ ಬಿಡುವ ನೀನು?”

“ಹೌದು, ಆದರೆ ಬೇಕೆಂದು ಮಾಡಿದ್ದಲ್ಲ...”

“ಚಕ್ರಪಾಣಿ, ನಿಯಮ ನಿನ್ನದೇ. ಚೌಕದಲ್ಲಿ ಯಾರ ಹೆಸರಿದೆಯೋ ಅವರದೇ ಮೆಷಿನ್.”

ಹ್ಯಾರಿಸ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗ್ಲೆನ್ ಅವನ ಕೈ ಹಿಡಿದು ಕುಲುಕಿ, ಎಲ್ಲರ ಮುಂದೆ ಶಿಫಾರಸಿನ ಕಾಗದಕ್ಕೆ ಸಹಿ ಹಾಕಿ ಕೊಟ್ಟುಬಿಟ್ಟಿದ್ದ. ಚಕ್ರಪಾಣಿಯನ್ನೂ ಕೈಬಿಡಲಿಲ್ಲ, ವೀಸಾವನ್ನು ಇನ್ನೊಂದು ವರ್ಷ ಮುಂದುವರಿಸೋಣ, ಪಿಆರ್ ಮಾತು ಮುಂದಿನ ನವೆಂಬರಿಗೆ ನೋಡೋಣ ಎಂದ. “ಮುಂದಿನ ವರ್ಷವೂ ನಲವತ್ತು ಪರ್ಸೆಂಟ್ ಉಳಿಸು,” ಎಂದು ಬೆನ್ನು ತಟ್ಟಿ, “ಆದರೆ ಖರ್ಚು ಕಡಿಮೆಯಾಗದ ಹಾಗೆ ನೋಡಿಕೋ,” ಎಂದು ಸೇರಿಸಿದ. ಕೊನೆಗೆ ಗುಲಾಬಿ ಗಿಳಿಯನ್ನು ಎತ್ತಿ ಅವನ ಕೈಗಿಟ್ಟ. ಗಿಳಿ ಕೀಂಯ್ ಅಂದಿತು.

ಸಂಜೆಯ ವಿಮಾನಕ್ಕೆ ಕಾಯುತ್ತ ಇಬ್ಬರೂ ಕೂತರು.

“ಮಂಗಳೂರಿನಿಂದ ಬಂದ ದಿನವೇ ಪಟ್ಟಿ ನೋಡಿದೆ ನಾನು,” ಎಂದ ಹ್ಯಾರಿಸ್. “ಆಸ್ಟ್ರೇಲಿಯಾದಲ್ಲಿ ಮೆಷಿನಿಗೆ ಹೋಳಿಗೆ ಅಂತ ಹೆಸರಿಡುವವ ನೀನಲ್ಲದೆ ಬೇರೆ ಯಾರು ಮಾರಾಯ? ನೀನೇ ಹೇಳ್ತಿ ಅಂತ ಕಾದೆ. ಅಲ್ಲಿ ಕೇಳಿದಾಗ, ಮಗು ಸಣ್ಣದುಂಟು, ಇವನ ವೀಸಾ ಹೋಗುದು ಬೇಡ ಅಂತ ಹೌದು ಅಂದದ್ದು ಅಷ್ಟೇ. ಈಗ ಹೋಗಿ ಗ್ಲೆನ್ ಹತ್ತಿರ ಸತ್ಯ ಹೇಳ್ಲಾ?”

ಚಕ್ರಪಾಣಿ ಯೋಚಿಸಿದ. ಹ್ಯಾರಿಸ್ ಸತ್ಯ ಹೇಳಿದರೆ ಹ್ಯಾರಿಸ್ ಸುಳ್ಳುಗಾರನಾಗುತ್ತಾನೆ, ತಾನು ಕಳ್ಳನಾಗುತ್ತೇನೆ. ಇಬ್ಬರೂ ಒಂದೇ ವಿಮಾನದಲ್ಲಿ ಊರಿಗೆ ವಾಪಸ್ ಹೋಗಬೇಕಾಗುತ್ತದೆ. “ಬೇಡ ಕಣೋ,” ಎಂದ. “ನಿನಗೇ ಸಿಗಬೇಕಾದ್ದು.” ಹೇಳುವಾಗ ಹೊಟ್ಟೆಯುರಿಯಿತು, ನಿಜ. ಆದರೆ ಬೆಳಗಿನಿಂದ ಮೊದಲ ಸಲ ಉಸಿರೂ ಸಲೀಸಾಗಿ ಆಡಿತು.

“ಹೋಗ್ಲಿ, ಈಗಾದ್ರೂ ಆ ಹೋಳಿಗೆ ನಿಲ್ಲಿಸು. ಒಪ್ಪಿಗೆ ಕೊಡ್ತೇನೆ,” ಎಂದ ಹ್ಯಾರಿಸ್. ಚಕ್ರಪಾಣಿ ‘ನಿಲ್ಲಿಸು’ ಒತ್ತಿದ, ಹ್ಯಾರಿಸ್‌ನ ಫೋನು ಕೇಳಿತು, ಹ್ಯಾರಿಸ್ ‘ಸರಿ’ ಒತ್ತಿದ. ಮೆಷಿನ್ ನಿಂತಿತು. ಚಕ್ರಪಾಣಿಯ ನಿಯಮದಂತೆ, ಆ ಮೆಷಿನಿನ ಪಾಸ್‌ವರ್ಡ್ ಇದ್ದ ಎಲ್ಲರಿಗೂ ಒಂದು ಸೂಚನೆ ತನ್ನಷ್ಟಕ್ಕೆ ತಾನೇ ಹೋಯಿತು.

ಎರಡು ನಿಮಿಷಕ್ಕೆ ಫೋನ್ ಬಂತು. ಶಿವಲಿಂಗಪ್ಪನವರು.

“ಏನ್ರೀ ಚಕ್ರಪಾಣಿ ಅವರ, ಇಷ್ಟ ದಿನ ಸರ್ವರ್ ನೀವೇ ಕೊಟ್ಟೀರಿ ಅಂತ ತಿಳಿದಿದ್ವಲ್ರೀ! ಈಗ ಮೆಸೇಜ್ ಬಂತು, ಮಾಲೀಕರು ಹ್ಯಾರಿಸ್ ಪಿಂಟೋ ಅಂತ. ನಮ್ಮ ಬಳಗದ ಮೆಂಬರ್ ಅಲ್ಲ, ಕೇಳಿಲ್ಲ, ಹೇಳಿಲ್ಲ, ಕನ್ನಡಕ್ಕ ಅಷ್ಟ ಮಾಡ್ಯಾರಲ್ಲ ಮಹಾನುಭಾವರು! ಬರೂ ಭಾನುವಾರ ಅವರಿಗೆ ಸನ್ಮಾನ. ಶಾಲು, ಹಾರ, ಮೈಸೂರು ಪೇಟ. ಕರಕೊಂಡ ಬರೂ ಜವಾಬ್ದಾರಿ ನಿಮ್ಮದು. ಅಭಿನಂದನಾ ಪತ್ರಾನೂ ನೀವೇ ಬರೀರಿ. ನಿಮಗಿಂತ ಛಲೋ ಅವರನ್ನ ಬಲ್ಲವರು ಯಾರದಾರ?”

ವಿಮಾನ ಹತ್ತಿ ಕೂತ ಮೇಲೆ ಚಕ್ರಪಾಣಿ ಗಿಳಿಯನ್ನು ತೊಡೆಯ ಮೇಲಿಟ್ಟುಕೊಂಡು ಫೋನ್ ತೆರೆದ. ಬಳಗದವರು ಪ್ರತಿ ಸಲ ಬಳಸುವ ಪತ್ರದ ನಮೂನೆ ಬಂದಿತ್ತು. ‘ಕನ್ನಡದ ಹೆಮ್ಮೆಯ ಬಂಧು, ಉದಾರಹೃದಯಿ ಶ್ರೀ’ ಎಂದು ಶುರುವಾಗಿ, ಅದರ ಮುಂದೆ ಹೆಸರು ಬರೆಯಲು ಬೆಳ್ಳಗಿನ ಒಂದು ಖಾಲಿ ಚೌಕವಿತ್ತು. ಪಕ್ಕದ ಸೀಟಿನಲ್ಲಿ ಹ್ಯಾರಿಸ್ ಆಗಲೇ ನಿದ್ದೆ ಹೋಗಿದ್ದ. ಹತ್ತು ದಿನದ ಹಿಂದೆ ಬರೆದಿದ್ದ ಹೆಸರನ್ನೇ ಚಕ್ರಪಾಣಿ ಮತ್ತೊಮ್ಮೆ ಬರೆದ.